ರೆಕಾರ್ಡಿಂಗೂ ನಾನೇ, ಮ್ಯಾನೇಜರೂ ನಾನೇ. ಈಗ ಮಾಸ್ಟರ್ (ಹಾಡಿನ ಮೂಲ ರೆಕಾರ್ಡಿಂಗ್) ಯಾರದು?

ಸಣ್ಣ_ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೇನೆ. ಒಂದು ರೂಮು, ಎಂಟು ಚಾನೆಲ್‌ನ ಇಂಟರ್‌ಫೇಸು, ನಾಲ್ಕು ಒಳ್ಳೆಯ ಮೈಕು. ಎರಡು ವರ್ಷದ ಹಿಂದೆ ಇಬ್ಬರು ಕಲಾವಿದರ ಮ್ಯಾನೇಜ್‌ಮೆಂಟ್ ಕೂಡ ವಹಿಸಿಕೊಂಡೆ. ಅವರಲ್ಲಿ ಒಬ್ಬರು ಗಾಯಕಿ. ಸಾಹಿತ್ಯ ಅವರದೇ, ರಾಗವೂ ಅವರದೇ. ಅವರ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಬಾಡಿಗೆ ತಗೊಳ್ಳದೆ ಆರು ಹಾಡು ರೆಕಾರ್ಡ್ ಮಾಡಿದೆ, ಮಿಕ್ಸಿಂಗೂ ನಾನೇ ಮಾಡಿದೆ. ನನ್ನ ಪುಟ್ಟ ಲೇಬಲ್ (ಹಾಡು ಬಿಡುಗಡೆ ಮಾಡುವ ಸಂಸ್ಥೆ) ಹೆಸರಲ್ಲಿ ರಿಲೀಸ್ ಮಾಡಿದೆ. ಕಾರ್ಯಕ್ರಮಗಳನ್ನು ಹುಡುಕುವುದೂ ನಾನೇ, ಅದಕ್ಕೆ 20% ಕಮಿಷನ್.

ಹೋದ ವಾರ ಏಳನೇ ಹಾಡಿನ ವೋಕಲ್ ಮುಗಿಯಿತು. ಅವರು ಹೆಡ್‌ಫೋನ್ ತೆಗೆದು ಸ್ಟ್ಯಾಂಡಿಗೆ ನೇತುಹಾಕಿದರು. ಅದರೊಳಗೆ ತಾಳ ಹಿಡಿಯುವ ಕ್ಲಿಕ್ ಇನ್ನೂ ಟಿಕ್ ಟಿಕ್ ಅಂತ ಓಡುತ್ತಲೇ ಇತ್ತು. "ಅಣ್ಣಾ, ಇನ್ನೊಂದು ಲೇಬಲ್‌ನವರು ಫೋನ್ ಮಾಡಿದ್ದರು. ಮಾಸ್ಟರ್ ಯಾರ ಹೆಸರಲ್ಲಿದೆ ಅಂತ ಕೇಳಿದರು. ನಾನೇನು ಹೇಳಲಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಿಬ್ಬರ ನಡುವೆ ಒಂದು ಹಾಳೆ ಕೂಡ ಇಲ್ಲ. ಎಲ್ಲ ಬಾಯಿಮಾತಲ್ಲೇ ನಡೆದುಬಂದಿದೆ.

ಅವರ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಎರಡು ವರ್ಷದ ರಾತ್ರಿಗಳು ಆ ಫೈಲುಗಳಲ್ಲಿವೆ. ಮಾಸ್ಟರ್ ನನ್ನದು ಅಂದರೆ ತಪ್ಪಾಗುತ್ತದಾ? ಅವರದೇ ಅಂದರೆ ಸ್ಟುಡಿಯೋ ನಡೆಯುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಡ್ರಮ್ಸ್_ಹುಡುಗ:
ದುಡ್ಡು ಹಾಕಿದವರದೇ ಮಾಸ್ಟರ್. ಇದರಲ್ಲಿ ಕೇಳೋದೇನಿದೆ ಸಾರ್?

ಹಳೇ_ಟೇಪು:
ಅಷ್ಟು ಸುಲಭ ಅಲ್ಲ ತಮ್ಮಾ. ಇಲ್ಲಿ ಎರಡು ಆಸ್ತಿ ಇವೆ. ಒಂದು ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಆ ಹಾಡಿನ ರೆಕಾರ್ಡಿಂಗ್. ಮೊದಲನೆಯದು ಬರೆದವರದು. ಈ ಗಾಯಕಿ ಅದನ್ನು ಯಾರಿಗೂ ಬರೆದುಕೊಟ್ಟಿಲ್ಲ, ಹಾಗಾಗಿ ಅದರ ಬಗ್ಗೆ ಜಗಳವೇ ಇಲ್ಲ. ಪ್ರಶ್ನೆ ಇರುವುದು ಎರಡನೆಯದರಲ್ಲಿ ಮಾತ್ರ.

ಇವೆರಡೂ ಬೇರೆ ಬೇರೆ ಅಂತ ಜಗತ್ತಿಗೇ ಗೊತ್ತಾಗಿದ್ದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ವಿಚಾರದಲ್ಲಿ. 2019ರಲ್ಲಿ ಅವರ ಹಳೆಯ ಮಾಸ್ಟರ್‌ಗಳು ಬೇರೆಯವರ ಕೈಗೆ ಮಾರಾಟವಾದವು. ಆದರೆ ಹಾಡು ಬರೆದವರು ಅವರೇ ಆಗಿದ್ದರಿಂದ ಅವನ್ನೇ ಹೊಸದಾಗಿ ಹಾಡಿ ರೆಕಾರ್ಡ್ ಮಾಡಿ 2021ರಿಂದ ಬಿಡುಗಡೆ ಮಾಡಿದರು. ನಿಮ್ಮ ಗಾಯಕಿಗೂ ಆ ದಾರಿ ತೆರೆದೇ ಇದೆ. ನಾಳೆ ಇದೇ ಆರು ಹಾಡನ್ನು ಬೇರೆ ಸ್ಟುಡಿಯೋದಲ್ಲಿ ಹಾಡಿದರೆ, ಕಾಗದ ಇಲ್ಲದೆ ನೀವು ತಡೆಯೋಕಾಗಲ್ಲ. ಹಾಗಾಗಿ ಮಾಸ್ಟರ್ ನನ್ನದು ಅಂತ ಹಟ ಹಿಡಿದರೆ ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಯಾರೂ ಕೇಳದ ಫೈಲು.

ಡ್ರಮ್ಸ್_ಹುಡುಗ:
ಒಪ್ಪಲ್ಲ ಸಾರ್. ಹಾಡುವವರ, ರೆಕಾರ್ಡಿಂಗ್ ಮಾಡುವವರ ಹಕ್ಕಿನ ಬಗ್ಗೆ ದೇಶಗಳು ಮಾಡಿಕೊಂಡ 1961ರ ರೋಮ್ ಒಪ್ಪಂದದಲ್ಲೇ ಇದೆ, ಶಬ್ದವನ್ನು ಮೊದಲ ಸಲ ದಾಖಲಿಸಿದ ವ್ಯಕ್ತಿ ಅಥವಾ ಸಂಸ್ಥೆಯೇ ನಿರ್ಮಾಪಕ ಅಂತ. ಇಲ್ಲಿ ರೆಕಾರ್ಡ್ ಬಟನ್ ಒತ್ತಿದ್ದು ಯಾರು? ರೂಮು ಯಾರದು, ಮೈಕು ಯಾರದು, ಕರೆಂಟ್ ಬಿಲ್ ಯಾರು ಕಟ್ಟಿದ್ದು?

ಹಳೇ_ಟೇಪು:
ಬಟನ್ ಒತ್ತಿದ್ದಕ್ಕೇ ಮಾಲೀಕತನ ಬರುತ್ತದೆ ಅಂದರೆ, ಬಾಡಿಗೆಗೆ ಕೊಡುವ ಪ್ರತಿ ಸ್ಟುಡಿಯೋನೂ ಎಲ್ಲರ ಹಾಡಿಗೂ ಮಾಲೀಕ ಆಗಬೇಕಿತ್ತು. ಹಾಗಾಗಲ್ಲ ಅಲ್ವಾ? ರೆಕಾರ್ಡಿಂಗ್ ಮಾಡಿಸುವ ಹೊಣೆ ಹೊತ್ತವರು ಯಾರು ಅನ್ನೋದು ಮುಖ್ಯ. ಇದನ್ನು ನೋಡುವ ರೀತಿ ದೇಶದಿಂದ ದೇಶಕ್ಕೆ ಬೇರೆ. ಅದೇ ಒಪ್ಪಂದ ಹಾಡುವವರ, ನುಡಿಸುವವರ ಹಕ್ಕನ್ನೂ ಗುರುತಿಸುತ್ತದೆ, ಅದನ್ನೂ ಓದು. ಎಲ್ಲಿದ್ದರೂ ನಂಬಬಹುದಾದದ್ದು ಒಂದೇ, ಸಹಿ ಹಾಕಿದ ಕಾಗದ.

ಲೆಕ್ಕದ_ಪುಸ್ತಕ:
ಎಲ್ಲರೂ ಮಾಸ್ಟರ್ ಹಿಂದೆ ಬಿದ್ದಿದ್ದೀರಿ. ನನಗೆ ಕಾಣುವ ತೊಂದರೆ ಬೇರೆ. ಸಾರ್, ನೀವು ಇಲ್ಲಿ ಎರಡು ಕಡೆಯವರು. ಲೇಬಲ್ ಆಗಿ ನಿಮಗೆ ಮಾಸ್ಟರ್ ಬೇಕು, ಪಾಲು ಜಾಸ್ತಿ ಬೇಕು. ಮ್ಯಾನೇಜರ್ ಆಗಿ ನಿಮ್ಮ ಕೆಲಸವೇ ಲೇಬಲ್ ಹತ್ತಿರ ಗುದ್ದಾಡಿ ಕಲಾವಿದರಿಗೆ ಜಾಸ್ತಿ ಕೊಡಿಸುವುದು. ಮೇಜಿನ ಎರಡೂ ಬದಿಯ ಕುರ್ಚಿಯಲ್ಲಿ ನೀವೇ ಕೂತಿದ್ದೀರಿ. ಆ ಹುಡುಗಿಯ ಪರವಾಗಿ ಕೇಳುವವರು ಯಾರು?

ಹೊಸದೇನಲ್ಲ ಇದು. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಡೆಟ್ರಾಯಿಟ್‌ನಲ್ಲಿ ಶುರು ಮಾಡಿದ ಕಂಪನಿಯೇ ಮುಂದೆ ಹೆಸರಾಂತ ಲೇಬಲ್ ಮೋಟೌನ್ ಆಯಿತು. ರೆಕಾರ್ಡಿಂಗ್, ಪಬ್ಲಿಷಿಂಗ್ (ಬರೆದ ಹಾಡಿನ ಹಕ್ಕಿನ ವ್ಯವಹಾರ), ಕಲಾವಿದರ ಮ್ಯಾನೇಜ್‌ಮೆಂಟ್ ಮೂರೂ ಅಲ್ಲೇ. ಎಂಥೆಂಥ ಹಾಡುಗಳು ಬಂದವು, ನಿಜ. ಆದರೆ ಕಲಾವಿದರಿಗೆ ಲೇಬಲ್ ಮೇಲೆ ದೂರಿದ್ದರೆ ಹೋಗಿ ಹೇಳಬೇಕಾಗಿದ್ದು ಅದೇ ಕಂಪನಿಯ ಮ್ಯಾನೇಜರ್‌ಗೆ. ಅಲ್ಲಿನ ಗಾಯಕಿ ಮೇರಿ ವೆಲ್ಸ್ ಸಹಿ ಹಾಕಿದಾಗ ಅವರಿಗೆ 17 ವರ್ಷ. 21 ತುಂಬಿದಾಗ, 1964ರಲ್ಲಿ, ಬಿಟ್ಟು ಹೊರಟರು. ಆಗ ಅವರು ಆ ಲೇಬಲ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬರು.

ಡ್ರಮ್ಸ್_ಹುಡುಗ:
ಹಾಗಾದ್ರೆ ಸ್ಯಾಮ್ ಫಿಲಿಪ್ಸ್ ವಿಷಯ ಹೇಳಿ. ಅವರದೂ ಚಿಕ್ಕ ಸ್ಟುಡಿಯೋನೇ. 1955ರಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿಯ ಕರಾರನ್ನು 35,000 ಡಾಲರ್‌ಗೆ ಆರ್‌ಸಿಎ ಅನ್ನೋ ದೊಡ್ಡ ಲೇಬಲ್‌ಗೆ ಮಾರಿದರು. ಕೈಯಲ್ಲಿ ಕರಾರಿತ್ತು, ಅದಕ್ಕೇ ಅಷ್ಟಾದರೂ ಸಿಕ್ಕಿತು. ಪುಕ್ಕಟೆ ಮಾಡಿಕೊಟ್ಟವನಿಗೆ ಕೊನೆಗೆ ಥ್ಯಾಂಕ್ಸ್ ಕೂಡ ಇಲ್ಲದೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಬ್ಯಾಂಡ್‌ಗೆ ಮೂರು ತಿಂಗಳು ರೂಮು ಬಿಟ್ಟುಕೊಟ್ಟ ಅಣ್ಣನಿಗೆ ಹಾಗೇ ಆಯಿತು. ಆಮೇಲೆ ಅವರು ಮೈಕುಗಳನ್ನು ಮಾರಿದರು. ಕಲಾವಿದರ ಪರ ಮಾತಾಡೋಕೆ ಎಲ್ಲರೂ ಇದ್ದಾರೆ, ಸ್ಟುಡಿಯೋದವರ ಪರ ಯಾರು?

ಲೆಕ್ಕದ_ಪುಸ್ತಕ:
ಸ್ಟುಡಿಯೋದವರಿಗೆ ಸಿಗಬಾರದು ಅಂತ ನಾನೆಲ್ಲಿ ಹೇಳಿದೆ? ಯಾವ ಕೆಲಸಕ್ಕೆ ಎಷ್ಟು ಅಂತ ಬಿಡಿಸಿ ಬರೆಯಿರಿ ಅಂದೆ. ಸ್ಯಾಮ್ ಫಿಲಿಪ್ಸ್ ಹತ್ತಿರ ಇದ್ದಿದ್ದೂ ಅದೇ, ಬರೆದಿಟ್ಟ ಕಾಗದ.

ಹಾಡುವವಳು:
ಗಾಯಕಿಯ ಕಡೆಯಿಂದ ನಾನು ಹೇಳುತ್ತೇನೆ. ನಾನು ಮೊದಲು ಇದ್ದ ಕಡೆಯೂ ಹೀಗೇ, ಲೇಬಲ್ ಮತ್ತು ಮ್ಯಾನೇಜರ್ ಒಬ್ಬರೇ. ತುಂಬ ಪ್ರೀತಿಯಿಂದ ನೋಡಿಕೊಂಡರು, ಅದನ್ನು ಮರೆಯಲ್ಲ. ಒಂದು ದಿನ ಸ್ಟೇಟ್‌ಮೆಂಟ್ ಕೇಳಿದೆ. ಲೇಬಲ್ ತನ್ನ ಅರ್ಧ ತೆಗೆದುಕೊಂಡಿತ್ತು. ನನ್ನ ಪಾಲಿಗೆ ಬಂದ ಇನ್ನರ್ಧದ ಮೇಲೆ ಮತ್ತೆ 20% ಮ್ಯಾನೇಜರ್ ಕಮಿಷನ್. ಎರಡೂ ಹೋಗಿದ್ದು ಒಂದೇ ಜೇಬಿಗೆ. ಕೇಳಿದ್ದಕ್ಕೆ "ನಂಬಿಕೆ ಇಲ್ವಾ?" ಅಂದರು. ನಂಬಿಕೆ ಇತ್ತು ಸಾರ್. ಆ ಮಾತು ಕೇಳಿದ ಮೇಲೆ ಹೋಯಿತು.

ಅಣ್ಣಾ, ನಿಮ್ಮ ಗಾಯಕಿ ನೇರವಾಗಿ ನಿಮ್ಮನ್ನೇ ಕೇಳಿದ್ದಾರೆ. ಹಾಗೆ ಕೇಳೋಕೆ ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ಎಷ್ಟೋ ಜನ ಕೇಳದೇ ಬಿಟ್ಟು ಹೋಗುತ್ತಾರೆ.

ಸಣ್ಣ_ಸ್ಟುಡಿಯೋ:
ಮೇಡಂ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಈಗಷ್ಟೇ ನನ್ನ ಲೆಕ್ಕ ತೆಗೆದು ನೋಡಿದೆ. ಸ್ಟ್ರೀಮಿಂಗ್ ದುಡ್ಡಲ್ಲಿ ನಾನೂ ಅದನ್ನೇ ಮಾಡಿದ್ದೇನೆ. ಮೊತ್ತ ಚಿಕ್ಕದು, ಆದರೂ ಮಾಡಿದ್ದೇನೆ. ತಪ್ಪು ಅಂತ ತಲೆಗೇ ಬಂದಿರಲಿಲ್ಲ. ಅದನ್ನು ವಾಪಸ್ ಕೊಡುತ್ತೇನೆ.

ಲೆಕ್ಕದ_ಪುಸ್ತಕ:
ಒಳ್ಳೇ ಕೆಲಸ ಸಾರ್. ಸ್ವಂತ ಲೇಬಲ್‌ನಿಂದ ಬರುವ ದುಡ್ಡಿನ ಮೇಲೆ ಮ್ಯಾನೇಜರ್ ಕಮಿಷನ್ ಬೇಡ, ಇದನ್ನು ಕರಾರಿನ ಮೊದಲ ಸಾಲಾಗಿ ಬರೆಯಿರಿ. ಖರ್ಚು ವಾಪಸ್ ಪಡೆಯುವ ರೀತಿಯನ್ನೂ ಬರೆಯಿರಿ. ಹೆಚ್ಚಿನವರು ಎಡವುವುದು ಅಲ್ಲೇ. ರೆಕಾರ್ಡಿಂಗ್‌ಗೆ ನೂರು ಖರ್ಚಾಗಿದೆ, ಹಾಡಿನಿಂದ ಇನ್ನೂರು ಬಂದಿದೆ ಅಂತಿಟ್ಟುಕೊಳ್ಳಿ. ಪಾಲು ಅರ್ಧರ್ಧ.

ಮೊದಲು ಖರ್ಚು ತೆಗೆದು ಆಮೇಲೆ ಹಂಚಿದರೆ ನೂರು ಉಳಿಯಿತು, ಇಬ್ಬರಿಗೂ ಐವತ್ತು.
ಮೊದಲು ಹಂಚಿ, ಖರ್ಚನ್ನು ಕಲಾವಿದರ ಪಾಲಿನಿಂದ ಮಾತ್ರ ಮುರಿದುಕೊಂಡರೆ ಅವರ ನೂರೂ ಹೋಯಿತು. ಅವರಿಗೆ ಸೊನ್ನೆ. ಲೇಬಲ್‌ಗೆ ಖರ್ಚಿನ ನೂರೂ ಬಂತು, ಲಾಭದ ನೂರೂ ಬಂತು.

ಎರಡಕ್ಕೂ ಬಾಯಲ್ಲಿ ಹೇಳುವುದು "ಖರ್ಚು ಕಳೆದು ಫಿಫ್ಟಿ ಫಿಫ್ಟಿ" ಅಂತಲೇ.

ಮೊದಲ_ಟೇಕ್:
ಅಯ್ಯೋ, ನಾನು ಸಹಿ ಹಾಕಿರೋದು ಎರಡನೇ ಥರದ್ದು ಅನ್ಸುತ್ತೆ. ಈಗಲೇ ಹೋಗಿ ಓದ್ತೀನಿ. ಇನ್ನೊಂದು ಪ್ರಶ್ನೆ. 20% ಕಮಿಷನ್ ಅಂದರೆ ಬಂದ ಒಟ್ಟು ದುಡ್ಡಲ್ಲಾ, ಖರ್ಚು ಕಳೆದ ಮೇಲಾ?

ಹಳೇ_ಟೇಪು:
ಕಾಗದದಲ್ಲಿ ಬರೆದಂತೆ. ಸಾಮಾನ್ಯವಾಗಿ ಮ್ಯಾನೇಜರ್‌ಗಳು ತಗೊಳ್ಳುವುದು 15ರಿಂದ 20%. ಅನೇಕರು ಒಟ್ಟು ಮೊತ್ತದ ಮೇಲೇ ಹಾಕುತ್ತಾರೆ. ಕಾರ್ಯಕ್ರಮಕ್ಕೆ ನೂರು ಬಂತು ಅನ್ನಿ. ಪ್ರಯಾಣ, ವಾದ್ಯದವರು, ಸೌಂಡ್ ಎಲ್ಲ ಸೇರಿ ಎಪ್ಪತ್ತು ಹೋಯಿತು. ಒಟ್ಟು ಮೊತ್ತದ ಮೇಲೆ 20% ಅಂದರೆ ಮ್ಯಾನೇಜರ್‌ಗೆ ಇಪ್ಪತ್ತು, ವೇದಿಕೆ ಮೇಲೆ ನಿಂತು ಹಾಡಿದವರಿಗೆ ಹತ್ತು. ಖರ್ಚು ಕಳೆದು ಲೆಕ್ಕ ಹಾಕಿದರೆ ಮ್ಯಾನೇಜರ್‌ಗೆ ಆರು, ಹಾಡಿದವರಿಗೆ ಇಪ್ಪತ್ತನಾಲ್ಕು. ಹೊಸ ಕಲಾವಿದರ ಕಾರ್ಯಕ್ರಮಗಳಿಗೆ ಎರಡನೆಯದೇ ನ್ಯಾಯ ಅಂತ ನನ್ನ ಮಾತು.

ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಬೀಟಲ್ಸ್ ಬ್ಯಾಂಡ್‌ನಿಂದ 25% ವರೆಗೂ ತಗೊಳ್ಳುತ್ತಿದ್ದರು. ಎಲ್ವಿಸ್ ಮ್ಯಾನೇಜರ್ ಟಾಮ್ ಪಾರ್ಕರ್ ಕೊನೆಕೊನೆಗೆ ಅರ್ಧಕ್ಕರ್ಧ ತಗೊಳ್ಳುತ್ತಿದ್ದರು, ಎಲ್ವಿಸ್ ತೀರಿಕೊಂಡ ಮೇಲೆ ಅದು ಕೋರ್ಟಿಗೂ ಹೋಯಿತು. ದೊಡ್ಡವರ ಉದಾಹರಣೆ ಹಿಡಿದು ಪರ್ಸೆಂಟು ಹೇಳಬೇಡಿ.

ಮೊದಲ_ಟೇಕ್:
ಮ್ಯಾನೇಜರ್ ಬದಲಾದರೆ?

ಹಳೇ_ಟೇಪು:
ಅದಕ್ಕೆ ಕರಾರಿನಲ್ಲಿ ಸನ್‌ಸೆಟ್ ಕ್ಲಾಜ್ ಅನ್ನೋ ಷರತ್ತು ಹಾಕುತ್ತಾರೆ. ಕರಾರು ಮುಗಿದ ಮೇಲೂ, ಹಳೆಯ ಮ್ಯಾನೇಜರ್ ಕಾಲದಲ್ಲಿ ಕುದುರಿದ ವ್ಯವಹಾರದ ಮೇಲೆ ಅವರಿಗೆ ಕೆಲವು ವರ್ಷ ಕಮಿಷನ್ ಬರುತ್ತದೆ. ವರ್ಷ ವರ್ಷಕ್ಕೆ ಕಡಿಮೆಯಾಗಿ ಕೊನೆಗೆ ನಿಂತುಹೋಗುತ್ತದೆ. ಸ್ಟುಡಿಯೋದವರ ಪರ ಯಾರು ಅಂತ ಡ್ರಮ್ಸ್ ತಮ್ಮ ಕೇಳಿದನಲ್ಲ, ಇದು ಅವರ ಪರವಾಗಿಯೇ ಇರುವ ಸಾಲು.

ಡ್ರಮ್ಸ್_ಹುಡುಗ:
ಇದು ಗೊತ್ತಿರಲಿಲ್ಲ ಸಾರ್. ಇದಾದರೆ ಒಪ್ಪುತ್ತೇನೆ.

ಬೀಟ್_ಮಾಡುವವ:
ಸಣ್ಣ ಸ್ಟುಡಿಯೋ ಸಾರ್, ಐಎಸ್‌ಆರ್‌ಸಿ ಕೋಡ್ ನಿಮ್ಮ ಲೇಬಲ್‌ನಿಂದಲೇ ಹೋಗಿದೆ ಅಲ್ವಾ? ಹಾಗಾದರೆ ಮಾಸ್ಟರ್ ನಿಮ್ಮದು ಅಂತ ದಾಖಲೆ ಇದ್ದಂಗೇ.

ಹಳೇ_ಟೇಪು:
ಇಲ್ಲ ಇಲ್ಲ. ಅದು 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಅಷ್ಟೇ. ಯಾವ ರೆಕಾರ್ಡಿಂಗ್ ಅಂತ ಹೇಳುತ್ತದೆ, ಯಾರದು ಅಂತ ಹೇಳಲ್ಲ. ಮಾಸ್ಟರ್ ಬೇರೆಯವರ ಕೈ ಸೇರಿದರೂ ಕೋಡ್ ಹಳೆಯದೇ ಇರಬೇಕು. ಲೇಬಲ್ ಬದಲಾದಾಗ ಹೊಸ ಕೋಡ್ ಹಾಕಿಬಿಟ್ಟರೆ ಅಲ್ಲಿವರೆಗಿನ ಸ್ಟ್ರೀಮ್ ಲೆಕ್ಕ ಬೇರೆಯಾಗಿಬಿಡಬಹುದು. ಸ್ಪಾಟಿಫೈನಲ್ಲಂತೂ 2024ರಿಂದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಟ್ರ್ಯಾಕಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಸಣ್ಣ ಕಲಾವಿದರಿಗೆ ಹಳೆಯ ಎಣಿಕೆ ಕಳೆದುಕೊಳ್ಳುವುದು ದೊಡ್ಡ ಪೆಟ್ಟು.

ಬೀಟ್_ಮಾಡುವವ:
ತಿದ್ದಿದ್ದಕ್ಕೆ ಥ್ಯಾಂಕ್ಸ್. ನನಗಾದ ಒಂದು ಅನುಭವ ಹೇಳುತ್ತೇನೆ, ಸ್ಟುಡಿಯೋ ಇಟ್ಟವರಿಗೆ ಬೇಕಾಗಬಹುದು. ಒಬ್ಬ ರ್‍ಯಾಪರ್ ನನ್ನ ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಲೀಸ್‌ಗೆ ತಗೊಂಡರು. ಲೀಸ್ ಅಂದರೆ ಅದೇ ಬೀಟನ್ನು ಇನ್ನೂ ನಾಲ್ಕು ಜನಕ್ಕೆ ಕೊಡಬಹುದು. ಅವರ ಮ್ಯಾನೇಜರ್ ರಿಲೀಸ್ ಮಾಡುವಾಗ ಯೂಟ್ಯೂಬ್ ಕಂಟೆಂಟ್ ಐಡಿಗೂ (ಅದೇ ಸದ್ದಿರುವ ವಿಡಿಯೋಗಳನ್ನು ತಾನೇ ಹುಡುಕುವ ವ್ಯವಸ್ಥೆ) ಟಿಕ್ ಹಾಕಿಬಿಟ್ಟರು. ಮರುದಿನವೇ ಉಳಿದ ನಾಲ್ಕೂ ಜನರ ವಿಡಿಯೋಗೆ ಕ್ಲೇಮ್ ಬಿತ್ತು, ನನ್ನ ಸ್ವಂತ ವಿಡಿಯೋಗೂ ಬಿತ್ತು. ಎಲ್ಲರೂ ನನ್ನನ್ನೇ ಬೈದರು. ಸರಿಮಾಡೋಕೆ ಎರಡು ತಿಂಗಳು ಹಿಡಿಯಿತು. ಹಾಡಿನಲ್ಲಿರುವ ಪ್ರತಿಯೊಂದು ಸದ್ದೂ ನಿಮಗೆ ಮಾತ್ರ ಸೇರಿದ್ದಲ್ಲ ಅಂದರೆ ಆ ಟಿಕ್ ಹಾಕಲೇಬೇಡಿ.

ಹಾಡುವವಳು:
ಎಷ್ಟು ಸಣ್ಣ ಟಿಕ್ಕು, ಎಷ್ಟು ದೊಡ್ಡ ತಲೆನೋವು!

ಮೊದಲ_ಟೇಕ್:
ವಿಷಯ ಬೇರೆ, ಆದರೂ ಕೇಳ್ತೀನಿ. ನಾನೂ ಒಂದು ರೂಮಲ್ಲಿ ಸ್ಟುಡಿಯೋ ಶುರು ಮಾಡ್ತಿದ್ದೀನಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕಾ?

ಡ್ರಮ್ಸ್_ಹುಡುಗ:
ಬೇಡ ಗುರೂ. ಬೆಂಕಿ ತಗುಲಿದರೆ ಧಗ್ ಅಂತ ಹತ್ತುತ್ತೆ, ಸದ್ದೂ ನಿಲ್ಲಲ್ಲ.

ಹಳೇ_ಟೇಪು:
ಎರಡು ಬೇರೆ ಕೆಲಸ ಇವೆ. ಹೊರಗಿನ ಸದ್ದು ಒಳಗೆ ಬರದಂತೆ ತಡೆಯೋಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಒಳಗಿನ ಗೂಂಯ್ ಕಡಿಮೆ ಮಾಡೋಕೆ ದಪ್ಪನೆಯ ರಾಕ್‌ವುಲ್ (ಕಲ್ಲಿನ ನಾರು) ಪ್ಯಾನೆಲ್ ಬೇಕು. ತೆಳು ಫೋಮ್ ಬರೀ ಮೇಲಿನ ಸ್ಥಾಯಿಯ ಸದ್ದನ್ನು ಹೀರುತ್ತದೆ, ಬೇಸ್ ಹಾಗೇ ಉಳಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಮೂರು ಮೀಟರ್ ಇದ್ದರೆ 57 ಹರ್ಟ್ಸ್ ಹತ್ತಿರದ ಬೇಸ್ ಒಂದು ಕಡೆ ಉಬ್ಬಿ ಕೇಳುತ್ತದೆ, ನಡುಮಧ್ಯ ಕೂತರೆ ಮಾಯವಾಗುತ್ತದೆ. ನಾನು ಮೊದಲ ವರ್ಷ ರೂಮಿನ ನಡುಮಧ್ಯ ಕೂತೇ ಮಿಕ್ಸ್ ಮಾಡಿದ್ದೆ. ಪ್ರತಿ ಹಾಡಲ್ಲೂ ಬೇಸ್ ಜಾಸ್ತಿಯಾಗಿ ವಾಪಸ್ ಬರುತ್ತಿತ್ತು. ಕುರ್ಚಿ ಸರಿಸಿ, ಮೂಲೆಗಳಿಗೆ ದಪ್ಪ ಪ್ಯಾನೆಲ್ ಇಟ್ಟ ಮೇಲೆ ಸರಿಹೋಯಿತು.

ಲೆಕ್ಕದ_ಪುಸ್ತಕ:
ರೂಮಿನ ಮಾತಿಗೆ ಬೇರೆ ಪೋಸ್ಟ್ ಹಾಕಿ ಪ್ಲೀಸ್, ಇಲ್ಲಿ ಸಾರ್ ಪ್ರಶ್ನೆ ಕಳೆದುಹೋಗುತ್ತದೆ. ಸಾರ್, ಏನು ಮಾಡಬೇಕು ಅಂದುಕೊಂಡಿರಿ?

ಸಣ್ಣ_ಸ್ಟುಡಿಯೋ:
ಮಾಸ್ಟರ್ ಇಬ್ಬರ ಹೆಸರಲ್ಲೂ ಅರ್ಧರ್ಧ ಇಡೋಣ ಅಂತ ಯೋಚಿಸಿದ್ದೇನೆ. ಜಗಳವೇ ಇರಲ್ಲ.

ಲೆಕ್ಕದ_ಪುಸ್ತಕ:
ಜಗಳ ಶುರುವಾಗುವುದೇ ಅಲ್ಲಿ! ನಾಳೆ ಒಂದು ಜಾಹೀರಾತಿಗೆ ಹಾಡು ಕೇಳುತ್ತಾರೆ. ಒಬ್ಬರು ಹೂಂ, ಇನ್ನೊಬ್ಬರು ಉಹೂಂ. ಮುಗಿಯಿತು. ಇಬ್ಬರದೂ ಸಹಿ ಬೇಕಾದ ಆಸ್ತಿ ಯಾರೂ ಮುಟ್ಟಲಾಗದ ಆಸ್ತಿಯಾಗುತ್ತದೆ. ಅದರ ಬದಲು ಮಾಸ್ಟರ್ ಅವರ ಹೆಸರಲ್ಲಿರಲಿ. ನಿಮ್ಮ ಲೇಬಲ್‌ಗೆ ಇಷ್ಟು ವರ್ಷ ಅಂತ ಲೈಸೆನ್ಸ್ ಇರಲಿ. ಆ ಅವಧಿಯಲ್ಲಿ ಹಾಡು ಹೊರಗೆ ಕೊಡುವುದು ನಿಮ್ಮ ಕೆಲಸ, ಬಂದಿದ್ದನ್ನು ಹಂಚುವುದು ನಿಮ್ಮ ಹೊಣೆ. ಹೊಸ ಲೇಬಲ್‌ಗೆ ಈಗಲೇ ಬೇಕಿದ್ದರೆ ಉಳಿದ ವರ್ಷಗಳಿಗೆ ನಿಮಗೆ ಪರಿಹಾರ ಕೊಟ್ಟು ತಗೊಳ್ಳಲಿ. ನಿಮ್ಮ ಎರಡು ವರ್ಷದ ಕೆಲಸಕ್ಕೆ ಬೆಲೆ ಬಂತು, ಅವರ ಹಾಡು ಅವರಿಗೆ ಉಳಿಯಿತು. ಇನ್ನೊಂದು, ಈ ಕರಾರನ್ನು ಅವರ ಕಡೆಯ ವಕೀಲರೊಬ್ಬರು ಓದಬೇಕು. ನೀವು ತೋರಿಸಿದವರಲ್ಲ, ಅವರೇ ಹುಡುಕಿದವರು.

ಡ್ರಮ್ಸ್_ಹುಡುಗ:
ಪಕ್ಕವಾದ್ಯ ನುಡಿಸಿದವರ ಸಹಿ ಇದೆಯಾ ಸಾರ್? ನಾನು ಎಷ್ಟೋ ಹಾಡಿಗೆ ಡ್ರಮ್ಸ್ ನುಡಿಸಿದ್ದೇನೆ, ಯಾರೂ ಏನೂ ಬರೆಸಿಕೊಂಡಿಲ್ಲ. ಹೊಸ ಲೇಬಲ್‌ನವರು ಮೊದಲು ಕೇಳೋದೇ ಅದನ್ನು.

ಸಣ್ಣ_ಸ್ಟುಡಿಯೋ:
ಇಲ್ಲ ತಮ್ಮಾ. ಮೂರು ಹಾಡಿಗೆ ಒಬ್ಬರು ವಯಲಿನ್ ನುಡಿಸಿದ್ದರು. ಅವತ್ತೇ ಸಂಭಾವನೆ ಕೊಟ್ಟಿದ್ದೆ, ಕಾಗದ ಮಾಡಿಸಲಿಲ್ಲ. ಅವರ ನಂಬರ್‌ಗೆ ಈಗ ಫೋನ್ ಹೋಗುತ್ತಿಲ್ಲ.

ಹಳೇ_ಟೇಪು:
ಮೊದಲು ಅವರನ್ನು ಹುಡುಕಿ. ಫೈಲುಗಳು ಎಷ್ಟು ಕಡೆ ಇವೆ?

ಸಣ್ಣ_ಸ್ಟುಡಿಯೋ:
ಒಂದೇ ಹಾರ್ಡ್ ಡಿಸ್ಕ್.

ಹಳೇ_ಟೇಪು:
ಇವತ್ತೇ ಇನ್ನೊಂದು ತನ್ನಿ ಸಾರ್, ದಯವಿಟ್ಟು. ಮೂರು ಪ್ರತಿ, ಎರಡು ಬೇರೆ ಥರದ ಜಾಗ, ಅದರಲ್ಲಿ ಒಂದು ಸ್ಟುಡಿಯೋದಿಂದ ಹೊರಗೆ. ಸ್ಟುಡಿಯೋ ಗುಣಮಟ್ಟದಲ್ಲಿ, ಅಂದರೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 24 ಟ್ರ್ಯಾಕ್ ಒಂದು ಗಂಟೆ ರೆಕಾರ್ಡ್ ಮಾಡಿದರೂ ಸುಮಾರು 12 ಜಿಬಿ ಅಷ್ಟೇ. ಈಗಿನ ಡಿಸ್ಕಿಗೆ ಅದು ಏನೂ ಅಲ್ಲ. ಡಿಸ್ಕ್ ಹೋಯಿತು ಅಂದರೆ ಮಾಸ್ಟರ್ ಯಾರದು ಅಂತ ಕೇಳೋಕೂ ಏನೂ ಉಳಿಯಲ್ಲ.

(ಹನ್ನೆರಡು ದಿನದ ನಂತರ)

ಸಣ್ಣ_ಸ್ಟುಡಿಯೋ:
ಎಲ್ಲರಿಗೂ ಏನಾಯಿತು ಅಂತ ಹೇಳಬೇಕು. ಮೊನ್ನೆ ಗಾಯಕಿಯ ಜೊತೆ ಕೂತು ಮಾತಾಡಿದೆ. ಹೆಚ್ಚಾಗಿ ತಗೊಂಡಿದ್ದ ಕಮಿಷನ್ ಲೆಕ್ಕವನ್ನು ಮೊದಲು ಮುಂದಿಟ್ಟೆ, ದುಡ್ಡು ಕೊಟ್ಟೆ. ಅವರು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ಎರಡು ವರ್ಷದ ಪ್ರತಿ ಸೆಷನ್ನಿನ ತಾರೀಕು, ಗಂಟೆ ಬರೆದಿದ್ದರು. ನಾನು ಎಷ್ಟು ಗಂಟೆ ಪುಕ್ಕಟೆ ಕೆಲಸ ಮಾಡಿದ್ದೇನೆ ಅನ್ನೋ ಲೆಕ್ಕ ಅವರ ಹತ್ತಿರ ಇತ್ತು, ನನ್ನ ಹತ್ತಿರ ಇರಲಿಲ್ಲ. "ಇದನ್ನೂ ಖರ್ಚಿಗೆ ಸೇರಿಸಿ ಅಣ್ಣಾ" ಅಂದರು.

ಮಾಸ್ಟರ್ ಅವರದು. ನನ್ನ ಲೇಬಲ್‌ಗೆ ಐದು ವರ್ಷ ಲೈಸೆನ್ಸ್. ಖರ್ಚು ಮೊದಲು ತೆಗೆದು ಆಮೇಲೆ ಅರ್ಧರ್ಧ. ಮ್ಯಾನೇಜರ್ ಕಮಿಷನ್ ಕಾರ್ಯಕ್ರಮಗಳ ಮೇಲೆ ಮಾತ್ರ, ಅದೂ ಖರ್ಚು ಕಳೆದ ಮೇಲೆ. ಅವರ ವಕೀಲರು ಎರಡು ಕಡೆ ತಿದ್ದಿದರು. ಏಳನೇ ಹಾಡಿನಲ್ಲಿ ಯಾರಿಗೆ ಎಷ್ಟು ಪಾಲು ಅಂತ ಬರೆದ ಸ್ಪ್ಲಿಟ್ ಶೀಟ್‌ಗೆ ಎಲ್ಲರೂ ಸ್ಟುಡಿಯೋದಲ್ಲೇ ಸಹಿ ಹಾಕಿಯೇ ಮನೆಗೆ ಹೋದರು. ಹೊಸ ಡಿಸ್ಕ್ ಎರಡು ತಂದಿದ್ದೇನೆ, ಒಂದು ಗಾಯಕಿಯ ಮನೆಯಲ್ಲಿದೆ.

ಲೆಕ್ಕದ_ಪುಸ್ತಕ:
ತುಂಬ ಖುಷಿಯಾಯಿತು ಸಾರ್. ಅವರು ಆ ನೋಟ್‌ಬುಕ್ ಇಟ್ಟಿದ್ದು ಓದಿ ಕಣ್ಣು ತುಂಬಿತು.

ಡ್ರಮ್ಸ್_ಹುಡುಗ:
ವಯಲಿನ್ ನುಡಿಸಿದವರು ಸಿಕ್ಕರಾ?

ಸಣ್ಣ_ಸ್ಟುಡಿಯೋ:
ಸಿಕ್ಕರು. ಅವರ ಗೆಳೆಯರೊಬ್ಬರ ಮೂಲಕ. ಸಹಿ ಹಾಕೋಕೆ ದುಡ್ಡು ಕೇಳುತ್ತಾರೇನೋ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ. "ಆ ಮೂರು ಹಾಡಲ್ಲೂ ನನ್ನ ಹೆಸರೇ ಇಲ್ಲ, ಹಾಕಿಸಿ" ಅಂದರು. ನಿಜ, ಎಲ್ಲೂ ಹಾಕಿರಲಿಲ್ಲ. ಅವತ್ತೇ ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ತಿದ್ದುಪಡಿ ಕಳಿಸಿದೆ. ಎರಡು ಹಾಡಲ್ಲಿ ಹೆಸರು ಬಂದಿದೆ, ಮೂರನೆಯದು ಇನ್ನೂ ಬಂದಿಲ್ಲ.

ಹಾಡುವವಳು:
ಅಣ್ಣಾ, ಮೂರನೇದರಲ್ಲೂ ಬಂತಾ?

ಸಣ್ಣ_ಸ್ಟುಡಿಯೋ:
ಇವತ್ತು ಬೆಳಗ್ಗೆ ಬಂತು ಮೇಡಂ. ಅವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ.